ಕೆಟ್ಟ ಸುದ್ದಿ ಮೊದಲು

ಜರ್ಮನಿಗೆ ಬಂದ ಹೊಸದರಲ್ಲಿ, ಮೆಟ್ಟಿಲ ಮೇಲೆ ಎದುರಾದ ಮನೆಯೊಡತಿಯನ್ನು ‘ಹೇಗಿದ್ದೀರಿ?’ ಎಂದು ಕೇಳಿಬಿಟ್ಟೆ. ಆಕೆ ಹೇಳಿಬಿಟ್ಟರು. ಕೈಯಲ್ಲಿದ್ದ ಚೀಲ ಕೆಳಗಿಟ್ಟು, ಗೋಡೆಗೆ ಒರಗಿ, ಹೊಟ್ಟೆ ಕಟ್ಟಿಕೊಂಡು ಒದ್ದಾಡುತ್ತಿರುವುದನ್ನು, ಮಗ ಮಾತು ಬಿಟ್ಟಿರುವುದನ್ನು, ಬಲಮಂಡಿಗೆ ಹಾಕಿಸಿಕೊಂಡ ಇಂಜೆಕ್ಷನ್ ದಂಡವಾದದ್ದನ್ನು ಒಂದೊಂದಾಗಿ ಹೇಳಿದರು. ನನಗೆ ಆಗ ಬರುತ್ತಿದ್ದದ್ದು ಅರ್ಧ ಭಾಷೆ. ಅರ್ಥವಾದ ಅರ್ಧವೇ ಮುಖ ಕೆಂಪಾಗಿಸಲು ಸಾಕಾಯಿತು. ನಮ್ಮ ಕಡೆ ‘ಹೇಗಿದ್ದೀರಿ’ ಎನ್ನುವುದು ಬಾಗಿಲು ತಟ್ಟಿದ ಹಾಗೆ, ಅಷ್ಟೆ. ಅದನ್ನು ಕೇಳಿ ಯಾರೂ ಒಳಗೆ ಕರೆದು ಬೀರು ತೆಗೆದು ತೋರಿಸುವುದಿಲ್ಲ. ಇಲ್ಲಿ ಕೇಳಿದವರು ಕೂತು ಕೇಳಿಸಿಕೊಳ್ಳಬೇಕು.

ಫ್ರೌ ಬ್ರಾಂಟ್ ಅಂತ ಅವರ ಹೆಸರು. ಫ್ರೌ ಅಂದರೆ ಶ್ರೀಮತಿ. ಇದು ಕಾಸೆಲ್ ಎಂಬ ಊರು. ನಾನು ಭದ್ರಾವತಿಯಲ್ಲಿ ಹುಟ್ಟಿ, ಮದುವೆಯಾಗಿ ಶಿವಮೊಗ್ಗದ ವಿನೋಬನಗರಕ್ಕೆ ಬಂದು, ಅಲ್ಲೊಂದು ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದವಳು. ಈಗ ಇಲ್ಲಿನ ಆಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡು ನನ್ನದು. ಗಂಡ ಪ್ರಕಾಶ ಸಿಟಿ ಬಸ್ಸುಗಳ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ತಮ್ಮ ಹರೀಶನದು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಟೈಲ್ಸ್ ಅಂಗಡಿ. ಅಮ್ಮ ಭದ್ರಾವತಿಯಲ್ಲೇ ಇದ್ದಾಳೆ, ಬ್ಲೌಸ್ ಹೊಲಿಯುತ್ತಾಳೆ. ಎರಡು ಮಿಷನ್ನು, ಕಲಿಯಲು ಬರುವ ಹುಡುಗಿಯರು, ಅಳತೆ ಕೊಡಲು ಬಂದು ಮಧ್ಯಾಹ್ನದ ಊಟ ಮುಗಿಸಿ ಹೋಗುವ ಹೆಂಗಸರು. ಒಂಟಿ ಮುದುಕಿ ಎಂದು ಯಾರೂ ಕಲ್ಪಿಸಿಕೊಳ್ಳಬೇಡಿ. ಆ ಮನೆಯಲ್ಲಿ ಒಂದು ಮಾತಾಡಲು ಸರದಿ ಕಾಯಬೇಕು.

ಇಲ್ಲಿ ಬಾಡಿಗೆ ಮನೆಯಲ್ಲಿ ಅಡುಗೆಮನೆ ಇರುವುದಿಲ್ಲ. ಕೋಣೆ ಇರುತ್ತದೆ, ಆದರೆ ಒಲೆ, ಕಟ್ಟೆ, ಸಿಂಕು, ಕಪಾಟು ಎಲ್ಲವನ್ನೂ ಹಿಂದಿನ ಬಾಡಿಗೆದಾರರು ಬಿಚ್ಚಿಕೊಂಡು ಹೋಗಿರುತ್ತಾರೆ. ಗೋಡೆಯಿಂದ ಎರಡು ನಲ್ಲಿ ಪೈಪು ಮಾತ್ರ ಚಾಚಿಕೊಂಡಿರುತ್ತವೆ. ಭದ್ರಾವತಿಯಲ್ಲಿ ಮನೆ ಖಾಲಿ ಮಾಡುವವರು ಮೊಳೆ, ಹಳೆ ಕ್ಯಾಲೆಂಡರು, ಒಂದು ತುಳಸಿ ಕುಂಡವನ್ನಾದರೂ ಬಿಟ್ಟು ಹೋಗುತ್ತಿದ್ದರು. ಮೊದಲ ತಿಂಗಳು ನಾವು ಬಚ್ಚಲಲ್ಲಿ ಪಾತ್ರೆ ತೊಳೆದೆವು, ನೆಲದ ಮೇಲೆ ಕರೆಂಟಿನ ಒಲೆಯಿಟ್ಟು ಅನ್ನ ಮಾಡಿದೆವು. ಆಮೇಲೆ ಪ್ರಕಾಶ ಯಾರೋ ಬಿಚ್ಚಿಟ್ಟಿದ್ದ ಸಿಂಕು ತಂದು ಕೂರಿಸಿದ. ಈಗ ಅದು ನಮ್ಮದು. ಬಿಡುವಾಗ ನಾವೂ ಬಿಚ್ಚಿಕೊಂಡೇ ಹೋಗುತ್ತೇವೆ, ಅಷ್ಟು ಕಲಿತಿದ್ದೇವೆ.

ಭಾಷೆ ಬಂತು ಎಂದು ನನಗೆ ಖಾತ್ರಿಯಾದದ್ದು ತರಗತಿಯಲ್ಲಲ್ಲ. ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಯೊಂದಿದೆ, ಎಲ್ಲ ಮನೆಗಳಿಗೂ ಸೇರಿದ್ದು. ಮೇಲಿನ ಮನೆಯವನು ನನ್ನ ಒದ್ದೆ ಬಟ್ಟೆ ತೆಗೆದು ನೆಲಕ್ಕೆ ಹಾಕಿದ್ದ. ನಾನು ಮೆಟ್ಟಿಲು ಹತ್ತಿ ಅವನ ಬಾಗಿಲು ಬಡಿದು ಜಗಳವಾಡಿದೆ. ವ್ಯಾಕರಣ ಕೈಕೊಟ್ಟಿತು, ದನಿ ಕೈಕೊಡಲಿಲ್ಲ. ಅವನು ಕ್ಷಮೆ ಕೇಳಿದ. ಕೆಳಗಿಳಿದು ಬರುವಾಗ, ಇನ್ನು ಈ ಊರಿನಲ್ಲಿ ಬದುಕಬಲ್ಲೆ ಅನ್ನಿಸಿತು. ಜಗಳ ಬಂದಮೇಲೆ ಉಳಿದದ್ದು ಬರುತ್ತದೆ.

ಆದರೆ ಅದೇ ದಿನಗಳಲ್ಲಿ ನನ್ನ ಮನೆಯವರು ನನ್ನೊಡನೆ ಜಗಳ ಬಿಟ್ಟಿದ್ದರು. ಇದು ಗೊತ್ತಾಗಲು ನನಗೆ ಬಹಳ ಸಮಯ ಹಿಡಿಯಿತು. ಭಾನುವಾರದ ವಿಡಿಯೋದಲ್ಲಿ ಅಮ್ಮ ಹಣೆಗೆ ಕುಂಕುಮವಿಟ್ಟು, ಒಳ್ಳೆ ಸೀರೆ ಉಟ್ಟು ಕೂತಿರುತ್ತಿದ್ದಳು. ‘ಚೆನ್ನಾಗಿದ್ದೀವಿ. ಊಟ ಆಯ್ತಾ? ಚಳಿ ಇದ್ಯಾ?’ ಹರೀಶ ಹಿಂದಿನಿಂದ ಕೈ ಬೀಸುತ್ತಿದ್ದ. ನಾನೂ ಚೆನ್ನಾಗಿದ್ದೆ. ಎಲ್ಲರೂ ಚೆನ್ನಾಗಿದ್ದೆವು. ಮದುವೆ ಮನೆಯ ಫೋಟೋಗೆ ನಿಂತ ಹಾಗೆ, ವಾರಕ್ಕೊಂದು ಸಲ.

ಒಂದು ಭಾನುವಾರ ಅಮ್ಮ ವಿಡಿಯೋಗೆ ಬರಲಿಲ್ಲ, ಬರೀ ದನಿ.

“ಗಾಜನೂರಲ್ಲಿದ್ದೀನಿ, ಚಿಕ್ಕಮ್ಮನ ಮನೇಲಿ. ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ ಮಾರಾಯ್ತಿ, ವಿಡಿಯೋ ಬೇಡ.”

ಹಿಂದುಗಡೆ ಏನೋ ಪೀಂ ಪೀಂ ಎಂದು ಬಿಟ್ಟುಬಿಟ್ಟು ಕೂಗುತ್ತಿತ್ತು.

“ಅದೇನಮ್ಮ ಸದ್ದು?”

“ಅದಾ? ಡ್ಯಾಮಿನ ಸೈರನ್ನು. ನೀರು ಬಿಡ್ತಾರಂತೆ.”

ಡ್ರಿಪ್ಸ್ ಮುಗಿಯುತ್ತಾ ಬಂದಾಗ ಆಸ್ಪತ್ರೆಯ ಮಿಷನ್ನು ಹಾಗೆ ಕೂಗುತ್ತದೆ. ನಾನು ದಿನಕ್ಕೆ ಎಷ್ಟು ಸಲ ಅದರ ಬಾಯಿ ಮುಚ್ಚಿಸುತ್ತೇನೋ ಲೆಕ್ಕವಿಲ್ಲ. ‘ತಕ್ಷಣ ಗುರುತು ಹಿಡಿದೆ, ಎದೆ ಧಸಕ್ಕೆಂದಿತು’ ಎಂದು ಇಲ್ಲಿ ಎರಡು ಸಲ ಬರೆದು ಅಳಿಸಿದ್ದೇನೆ. ಪಕ್ಕದಲ್ಲಿದ್ದ ಪ್ರಕಾಶನ ಪ್ರಕಾರ ನಾನು ನಕ್ಕು, ‘ಹೊಳೆ ಹತ್ರ ಹೋಗ್ಬೇಡ’ ಅಂದೆ. ಅವನ ನೆನಪೇ ಸರಿ ಇರಬೇಕು. ನನ್ನ ನೆನಪು ಆಮೇಲೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತದೆ.

ಸತ್ಯ ಹೊರಬಿದ್ದದ್ದು ಸೆಲ್ವಿ ಅಕ್ಕನಿಂದ. ಅವರು ಭದ್ರಾವತಿಯಲ್ಲಿ ಅಮ್ಮನ ಪಕ್ಕದ ಮನೆಯವರು. ಕಾರ್ಖಾನೆ ಕೆಲಸಕ್ಕೆಂದು ಅವರ ತಾತನ ಕಾಲದಲ್ಲಿ ತಮಿಳುನಾಡಿನಿಂದ ಬಂದ ಮನೆತನ. ಒಂದು ದಿನ ಕೆಲಸದ ನಡುವೆ ಸುಮ್ಮನೆ ಅಮ್ಮನಿಗೆ ಫೋನ್ ಮಾಡಿದೆ. ಎತ್ತಿದ್ದು ಅವರು.

“ಯಾರು, ಸುಮಿಯಾ? ಅಮ್ಮ ಹಿಂದೆ ಬಟ್ಟೆ ಒಣಗಾಕ್ತಾ ಇದ್ದಾರೆ. ನಾನು ಹೇಳ್ದೆ, ಆಪರೇಶನ್ ಆಗಿ ತಿಂಗಳಾಗಿಲ್ಲ, ಬಕೆಟ್ ಎತ್ಬೇಡಿ ಅಂತ. ಕೇಳಿದ್ರೆ ತಾನೆ!”

“ಯಾವ ಆಪರೇಶನ್, ಅಕ್ಕ?”



“ಕಡವುಳೇ,” ಎಂದು ತಮಿಳಿನಲ್ಲಿ ದೇವರನ್ನು ಕರೆದರು ಸೆಲ್ವಿ ಅಕ್ಕ. “ನಾನು ಏನೂ ಹೇಳಿಲ್ಲಮ್ಮ. ಆಯ್ತಾ? ನಾನು ಫೋನೇ ಎತ್ಲಿಲ್ಲ.”

ಒತ್ತಾಯ ಮಾಡಿದ ಮೇಲೆ ಅವರೇ ಹೇಳಿದರು: ಪಿತ್ತಕೋಶದಲ್ಲಿ ಕಲ್ಲು. ನೋವು ತಡೆಯಲಾರದೆ ರಾತ್ರೋರಾತ್ರಿ ಶಿವಮೊಗ್ಗಕ್ಕೆ ಕರೆದೊಯ್ದು ಪಿತ್ತಕೋಶವನ್ನೇ ತೆಗೆಸಿದ್ದರು. ನಾನು ಹರೀಶನ ಅಂಗಡಿಗೆ ಫೋನ್ ಮಾಡಿದೆ.

“ಹರೀಶ, ಗಾಜನೂರು ಡ್ಯಾಮಲ್ಲಿ ಅಮ್ಮಂದು ಯಾವ ವಾರ್ಡು?”

“ಸೆಲ್ವಿ ಅಕ್ಕನಾ?”

“ಇಡೀ ಬೀದಿಗೆ ಗೊತ್ತು. ಸೀರೆಗೆ ಫಾಲ್ ಹಾಕ್ಸೋಕೆ ಬರೋರಿಗೆಲ್ಲ ಗೊತ್ತು. ನಾನು ಮಗಳು ಕಣೋ, ನರ್ಸ್ ಬೇರೆ.”

“ಹೇಳಿದ್ರೆ ಅಲ್ಲಿಂದ ಏನ್ ಮಾಡ್ತಿದ್ದೆ? ಅಳ್ತಿದ್ದೆ. ನಾನು ಅಮ್ಮನ್ನ ನೋಡ್ಕೊಳ್ಲಾ, ನಿನ್ನ ಸಮಾಧಾನ ಮಾಡ್ಲಾ?”

“ಅಳೋದಾದ್ರೆ ಅಳ್ತೀನಿ. ಅದು ನನ್ನ ಪಾಲು.”

“ಆಸ್ತೀಲಿ ಪಾಲು ಕೇಳೋ ಅಕ್ಕಂದಿರನ್ನ ನೋಡಿದ್ದೀನಿ,” ಅಂದ ಹರೀಶ. “ಹೊಟ್ಟೆನೋವಲ್ಲಿ ಪಾಲು ಕೇಳೋಳು ನೀನೊಬ್ಳೇ.”

ನಗು ಬಂತು, ನಗಲಿಲ್ಲ. ನನ್ನನ್ನು ಹೆದರಿಸಿದ್ದು ಆಪರೇಶನ್ನಲ್ಲ, ಅದು ಮುಗಿದಿತ್ತು. ಮನೆಯವಳಾಗಿದ್ದವಳು ನಾನು ನೆಂಟರ ಸಾಲಿಗೆ ಜಾರಿದ್ದೆ. ನೆಂಟರು ಬಂದರೆ ಹರಿದ ಹೊದಿಕೆ ಒಳಗೆ ತಳ್ಳಿ, ಒಳ್ಳೆ ಲೋಟ ಹೊರಗೆ ತೆಗೆಯುತ್ತೇವಲ್ಲ, ನನಗೂ ಅದೇ ನಡೆಯುತ್ತಿತ್ತು. ಮನೆ ಬಿಟ್ಟು ದೂರ ಬಂದದ್ದಕ್ಕೆ ಇದೇ ಬೆಲೆಯಾದರೆ ಅದನ್ನು ಕೊಡಲು ನಾನು ತಯಾರಿರಲಿಲ್ಲ. ಇವರು ನನಗೆ ಕೆಟ್ಟ ಸುದ್ದಿ ಹೇಳುವ ಹಾಗೆ ಮಾಡದಿದ್ದರೆ, ನಾನು ಇವರಿಗೆ ಭಾನುವಾರದ ಒಂದು ಮುಖವಾಗಿ ಉಳಿಯುತ್ತೇನೆ. ಅಷ್ಟು ಸ್ಪಷ್ಟವಿತ್ತು.

ಇಲ್ಲಿ ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಒಂದು ಪದ್ಧತಿ ಇದೆ, ಊಬರ್‌ಗಾಬೆ. ಕೈಯಿಂದ ಕೈಗೆ ದಾಟಿಸುವುದು ಎಂದರ್ಥ. ಹೋಗುವವರು ಬಂದವರಿಗೆ ಪ್ರತಿಯೊಬ್ಬ ರೋಗಿಯ ಸ್ಥಿತಿ ಹೇಳಬೇಕು. ಶಿವಮೊಗ್ಗದಲ್ಲೂ ಹೇಳುತ್ತಿದ್ದೆವು, ಆದರೆ ನಿಂತುಕೊಂಡು, ಫೈಲಿನ ಮೇಲೆ ಬೆರಳಾಡಿಸುತ್ತಾ, ಒಂದು ಕಣ್ಣು ಬಸ್ಸಿನ ಹೊತ್ತಿನ ಮೇಲೆ. ಇಲ್ಲಿ ಕಾಫಿ ಇಟ್ಟುಕೊಂಡು ಕೂತು ಹೇಳುತ್ತಾರೆ. ನನ್ನ ಮೊದಲ ಸರದಿಯಲ್ಲಿ ನಾನು ‘ಎಲ್ಲ ಚೆನ್ನಾಗಿದೆ’ ಎಂದು ಶುರುಮಾಡಿದ್ದೆ. ಹಿರಿಯ ನರ್ಸ್ ಜಬೀನೆ ಕಾಫಿ ಕೆಳಗಿಟ್ಟು, ‘ಎಲ್ಲ ಚೆನ್ನಾಗಿದ್ದರೆ ಇವರೆಲ್ಲ ಇಲ್ಲಿ ಏಕಿದ್ದಾರೆ?’ ಎಂದು ಕೇಳಿದ್ದಳು. ಯಾರು ಬಿದ್ದರು, ಯಾರು ಉಣ್ಣಲಿಲ್ಲ, ಯಾರು ಅತ್ತರು, ಮೊದಲು ಅದು. ಒಳ್ಳೆಯದು ಕೊನೆಗೆ, ಸಮಯ ಉಳಿದರೆ.

ಇದನ್ನೇ ಮನೆಯ ಫೋನಿಗೂ ತಂದೆ. ಮುಂದಿನ ಭಾನುವಾರ ಹರೀಶನನ್ನೂ ಸೇರಿಸಿಕೊಂಡು, ಇನ್ನು ಮೇಲೆ ಕೆಟ್ಟ ಸುದ್ದಿ ಮೊದಲು, ಆಮೇಲೆ ಊಟ ಆಯ್ತಾ ಅನ್ನೋದು, ಎಂದು ಹೇಳಿದೆ.

“ಬಿಡ್ತು ಅನ್ನು!” ಅಂದಳು ಅಮ್ಮ. “ಫೋನ್ ಎತ್ತಿದ ಕೂಡ್ಲೇ ಕೆಟ್ಟದ್ದು ಆಡ್ತಾರೇನೇ?”

“ಇಲ್ಲಿ ಆಡ್ತಾರೆ.”

“ಅದಕ್ಕೇ ಅಲ್ಲಿ ಬಿಸಿಲೇ ಇಲ್ಲ.” ಆಮೇಲೆ ಅವಳು ಸೆರಗು ಸರಿಮಾಡಿಕೊಂಡು ಫೋನಿಗೆ ಹತ್ತಿರ ಬಂದಳು. “ಆಯ್ತು, ಮೊದ್ಲು ನೀನು ಹೇಳು.”

ಇದನ್ನು ನಾನು ಯೋಚಿಸಿರಲಿಲ್ಲ. ನನ್ನಲ್ಲಿದ್ದದ್ದು ಒಂದೇ. ಇಲ್ಲಿ ನರ್ಸ್ ಎಂದು ಒಪ್ಪಿಕೊಳ್ಳಲು ಒಂದು ಪರೀಕ್ಷೆ ಇದೆ. ಮೊದಲ ಸಲ ನಾನು ಅದರಲ್ಲಿ ಫೇಲಾಗಿದ್ದೆ. ಮತ್ತೆ ಬರೆದು ಪಾಸಾಗುವವರೆಗೆ ಸಹಾಯಕಿಯಾಗಿ ಹಾಸಿಗೆ ಬದಲಿಸುತ್ತಿದ್ದೆ. ಮನೆಗೆ ಏನೂ ಹೇಳಿರಲಿಲ್ಲ. ಈಗ ಹೇಳಿದೆ.

“ನಂಗೆ ಗೊತ್ತಿತ್ತು,” ಅಂದಳು ಅಮ್ಮ.

“ಸುಳ್ಳು, ಗೊತ್ತಿರ್ಲಿಲ್ಲ,” ಅಂದ ಹರೀಶ.

“ಸುಮ್ನಿರೋ. ಫೇಲಾದೋಳ ಮುಖ ನಂಗೆ ಗೊತ್ತಾಗಲ್ವಾ? ಹತ್ತನೇ ಕ್ಲಾಸಲ್ಲಿ ಗಣಿತ ಹೋದಾಗ್ಲೂ ಹಿಂಗೇ ಮುಖ ಮಾಡ್ಕೊಂಡು ಕೂತಿದ್ಲು.”

ಹತ್ತನೇ ಕ್ಲಾಸಿನಲ್ಲಿ ಗಣಿತ ಹೋದದ್ದು ಹರೀಶನದು. ಅವನು ತುಟಿ ಬಿಚ್ಚಲಿಲ್ಲ. ನಾನೂ ತಿದ್ದಲಿಲ್ಲ. ನಮ್ಮ ಮನೆಯಲ್ಲಿ ನೆನಪುಗಳು ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಹೀಗೆ ಬದಲಾಗುತ್ತಲೇ ಇರುತ್ತವೆ. ಅಮ್ಮ ಮಾತ್ರ ಆವತ್ತು ನನ್ನನ್ನು ಚೆನ್ನಾಗಿ ಬೈದಳು: ಓದದೆ ಪರೀಕ್ಷೆಗೆ ಹೋದದ್ದಕ್ಕೆ, ಹೇಳದೆ ಒಬ್ಬಳೇ ಅನುಭವಿಸಿದ್ದಕ್ಕೆ. ನಾನು ಕಾಸೆಲ್ಲಿನ ಅಡುಗೆಮನೆಯಲ್ಲಿ, ನಮ್ಮದೇ ಸಿಂಕಿಗೆ ಒರಗಿ, ಹೊಟ್ಟೆ ತುಂಬಾ ಬೈಸಿಕೊಂಡೆ. ಎಷ್ಟೋ ತಿಂಗಳ ಮೇಲೆ ಅಂಥ ಸಮಾಧಾನ.

ಆಮೇಲೆ ಅಮ್ಮ ಈ ಪದ್ಧತಿಯನ್ನು ತನ್ನದಾಗಿಸಿಕೊಂಡಳು. ಹೆಸರನ್ನು ಅರ್ಧ ಕತ್ತರಿಸಿ ‘ಗಾಬೆ’ ಎಂದು ಇಟ್ಟುಕೊಂಡಳು. ‘ಗಾಬೆ ಶುರು’ ಎಂದು ಇಡೀ ಬೀದಿಯ ಅನಾಹುತ ಹೇಳತೊಡಗಿದಳು: ಯಾರ ಮಗಳು ತವರಿಗೆ ಬಂದು ಕೂತಿದ್ದಾಳೆ, ಯಾರ ಬ್ಲೌಸು ಬಿಗಿಯಾಗಿ ಯಾರು ಯಾರ ಮೇಲೆ ಹಾರಾಡಿದರು. ಹರೀಶ ತನ್ನ ಹೆಂಡತಿ ಎರಡು ದಿನದಿಂದ ಮಾತು ಬಿಟ್ಟಿದ್ದನ್ನು ಹೇಳಿದ, ತಪ್ಪು ಯಾರದೆಂದು ನಾನು ಹೇಳಿದೆ, ಅವನು ಫೋನ್ ಕುಕ್ಕಿದ. ನನಗೆ ಖುಷಿಯಾಯಿತು. ನೆಂಟರ ಮುಖಕ್ಕೆ ಹಾಗೆ ಫೋನ್ ಕುಕ್ಕುವುದಿಲ್ಲ.

ಇದನ್ನೆಲ್ಲ ಗೆಲುವು ಎಂದೇ ಬರೆಯುತ್ತಿದ್ದೇನೆ. ಆದರೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಇದು ತುಂಬ ನೀಟಾಗಿಬಿಡುತ್ತದೆ. ಗೊತ್ತಿರುವುದು ಹಗುರವಲ್ಲ. ಹಿಂದೆ ನನ್ನನ್ನು ಹೊರಗಿಟ್ಟದ್ದರಲ್ಲಿ ಕರುಣೆಯೂ ಇತ್ತು.

ಹೋದ ವರ್ಷ ಒಂದು ಭಾನುವಾರ ಅಮ್ಮ ಕುಂಕುಮವಿಲ್ಲದೆ, ನೈಟಿಯಲ್ಲೇ ಬಂದು ಕೂತಳು. “ಇವತ್ತಿನ ಗಾಬೆ ನಂದೇ. ಹಳೇ ಗಾಯದ ಪಕ್ಕ ಉಬ್ಬಿದೆ. ಹರ್ನಿಯಾ ಅಂತೆ. ಬುಧವಾರ ಆಪರೇಶನ್. ಅಳೋದಾದ್ರೆ ಈಗ್ಲೇ ಅಳು, ನಂಗೆ ಮದುವೆ ಬ್ಲೌಸ್ ಕೊಡೋದಿದೆ.”

“ರಜ ಹಾಕಿ ಬರ್ಲಾ?”

“ಬಂದು? ನನ್ನ ಪಕ್ಕ ಕೂತು ಡಾಕ್ಟ್ರಿಗೆ ಪಾಠ ಹೇಳ್ತೀಯ. ಬೇಡ. ದೀಪಾವಳಿಗೆ ಬಾ, ಕೆಲಸಕ್ಕೆ ಕೈ ಬೇಕು.”

ಆಪರೇಶನ್ ಸುಸೂತ್ರವಾಯಿತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಕುತೂಹಲ ಹಿಡಿದಿಟ್ಟು ಕತೆ ಕಟ್ಟುವುದು ನನಗಿಷ್ಟವಿಲ್ಲ. ಆದರೆ ಆ ಮೂರು ದಿನ ನಾನು ಬೇಯಿಸಿದ್ದಕ್ಕೆ ಉಪ್ಪಿರಲಿಲ್ಲ ಎಂದು ಪ್ರಕಾಶ ಹೇಳುತ್ತಾನೆ. ಉಸಿರು ಕಟ್ಟುವುದು, ರಕ್ತ ಗಟ್ಟಿಯಾಗುವುದು, ಕೀವು ತುಂಬುವುದು, ಏನೇನು ಆಗಬಹುದೋ ಎಲ್ಲ ನನಗೆ ಗೊತ್ತಿತ್ತು, ಎರಡು ಭಾಷೆಯಲ್ಲಿ.

ಬುಧವಾರ ನನಗೆ ಬೆಳಗಿನ ಪಾಳಿ. ಜಬೀನೆಗೆ ವಿಷಯ ಹೇಳಿ, ಫೋನನ್ನು ಸಮವಸ್ತ್ರದ ಜೇಬಿನಲ್ಲಿ ಇಟ್ಟುಕೊಳ್ಳಲು ಒಪ್ಪಿಗೆ ಪಡೆದಿದ್ದೆ. ಔಷಧಿ ಹಂಚುತ್ತಿರುವಾಗ ಅದು ನಡುಗಿತು. ಹರೀಶ.

“ಏನಾಯ್ತು?”

“ಏನೂ ಆಗಿಲ್ಲ. ಇನ್ನೂ ಒಳಗೇ ಇದ್ದಾಳೆ. ಹೇಳಿದ ಹೊತ್ತು ದಾಟಿ ಆಯ್ತು. ಯಾರೂ ಹೊರಗೆ ಬಂದಿಲ್ಲ.”

“ಮತ್ತೆ ಯಾಕೆ ಮಾಡ್ದೆ?”

ಅವನ ಹಿಂದೆ ಆಸ್ಪತ್ರೆಯ ಕಾರಿಡಾರು ಕೇಳಿಸುತ್ತಿತ್ತು, ಯಾರೋ ಯಾರನ್ನೋ ಕೂಗುವುದು, ಸ್ಟ್ರೆಚರಿನ ಗಾಲಿ.

“ಹೆದ್ರಿಕೆ ಆಗ್ತಿದೆ, ಅಕ್ಕ. ಏನೂ ಹೇಳ್ಬೇಡ. ಸುಮ್ನೆ ಲೈನಲ್ಲಿರು.”

ಹರೀಶ ಹೆದರುತ್ತಾನೆ ಎಂದು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅದೇ ಹೊತ್ತಿಗೆ ನಮ್ಮ ವಾರ್ಡಿನ ಕೊನೆಯ ಕೋಣೆಯಿಂದ ಗಂಟೆ. ಅಲ್ಲಿ ಹೆರ್ ಲೋರೆಂಟ್ಸ್ ಇದ್ದರು. ಹೆರ್ ಎಂದರೆ ಶ್ರೀಯುತ. ಸರಿಯಾಗಿ ಕಣ್ಣು ಕಾಣದ ಮುದುಕರು, ಆಗಾಗ ತಾನೆಲ್ಲಿದ್ದೇನೆ ಎಂದು ಗಾಬರಿ ಬೀಳುತ್ತಾರೆ. ನಾನು ಕರೆ ಕತ್ತರಿಸಲಿಲ್ಲ. ಹರೀಶನನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದೆ. ಅವರ ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಹಿಡಿದುಕೊಂಡೆ. ತಣ್ಣಗಿತ್ತು.

“ಇದ್ದೀರಾ?” ಎಂದು ಅವರು ತಮ್ಮ ಭಾಷೆಯಲ್ಲಿ ಕೇಳಿದರು.

ಜೇಬಿನೊಳಗಿಂದ ಹರೀಶ ಕೇಳಿದ, “ಅಕ್ಕ, ಇದ್ದೀಯಾ?”

“ಇಲ್ಲೇ ಇದ್ದೀನಿ” ಅಂದೆ, ಒಂದೇ ಸಲ. ಯಾವ ಭಾಷೆಯಲ್ಲಿ ಅಂದೆನೋ ನನಗೆ ನೆನಪಿಲ್ಲ. ಕನ್ನಡದಲ್ಲೇ ಅಂದೆ, ಸ್ಪಷ್ಟವಾಗಿ ಕೇಳಿಸಿತು ಎನ್ನುತ್ತಾನೆ ಹರೀಶ. ಆದರೆ ಹೆರ್ ಲೋರೆಂಟ್ಸ್ ಅರ್ಥವಾದಂತೆ ತಲೆಯಾಡಿಸಿ, ನನ್ನ ಕೈ ಬಿಡದೆ, ನಿದ್ದೆಗೆ ಕಣ್ಣು ಮುಚ್ಚಿದರು.