ಔಷಧ ಹೆಚ್ಚಾಗಿತ್ತು

ಆಗ ನನಗೆ ಅರವತ್ತೊಂದು. ಈ ಮಾತಿಗೆ ನಾಲ್ಕು ವರ್ಷ ಆತು. ವಿಜಯಪುರದ ಒಂದು ಕಾಲೇಜಿನ ಪ್ರಯೋಗಾಲಯದಾಗ ಗಾಜಿನ ಸಾಮಾನು ತೊಳೆಯೋದು ನನ್ನ ಕೆಲಸ. ದಿನಾ ತಿಕೋಟಾದಿಂದ ಬಸ್ಸಿಗೆ ಬರತಿದ್ದೆ.

ಬಿಜ್ಜರಗಿಯ ಹುಡುಗಿಯೊಬ್ಬಳು ಅಲ್ಲಿ ಪಿಎಚ್‌ಡಿ ಮಾಡತಿದ್ದಳು. ಅಪ್ಪನದು ದ್ರಾಕ್ಷಿ ತೋಟ. ಇವಳದು ಕ್ಯಾನ್ಸರಿನ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ಔಷಧ ಹಾಕಿ ನೋಡುವ ಕೆಲಸ.

"ಏನ್ ಮಾಡ್ತಿ ಬೇ ಅದರಾಗ?" ಅಂತ ಒಮ್ಮೆ ಕೇಳಿದೆ.

"ಆಯಿ, ಕೋಶದೊಳಗ ಕೈನೇಸ್ ಅಂತ ಇರ್ತಾವು. 'ಬೆಳಿ' ಅನ್ನೋ ಸುದ್ದಿ ಮುಟ್ಟಸ್ತಾವು. ಔಷಧ ಹಾಕಿ ಒಂದರ ಬಾಯಿ ಮುಚ್ಚಸ್ತೇನಿ. ಕೋಶ ಬೆಳಿಯೋದು ನಿಂತರ, ಸುದ್ದಿ ಒಯ್ಯೋದು ಅದೇ ಅಂತ ತಿಳೀತೈತಿ."

"ಮತ್ತ ಇದನ್ನ ರೋಗಿಗೆ ಕೊಡ್ತೀಯೇನ?"

"ಇಲ್ಲಾಯಿ, ಬರೇ ತಿಳಕೊಳ್ಳಾಕ."

"ಇಷ್ಟು ಬಡಿದಾಟ ಬರೇ ತಿಳಕೊಳ್ಳಾಕ?" ಅಂದೆ. ನಕ್ಕಳು.

ಸ್ವಲ್ಪ ಔಷಧಕ್ಕೆ ಕೋಶ ಜಗ್ಗಲಿಲ್ಲ. ಹೆಚ್ಚು ಹಾಕಿದಳು. ದ್ರಾಕ್ಷಿಗೆ ಬೂದಿರೋಗ ಬಿದ್ದು ಒಂದು ಹೊಡೆತಕ್ಕೆ ಹೋಗದಿದ್ದರೆ ನಮ್ಮ ಕಡೆ ಮಾಡೋದೂ ಅದನ್ನೇ, ಹೊಡೆಯೋ ಎಣ್ಣೆಯ, ಅಂದರೆ ಔಷಧದ, ಡೋಸು ಏರಿಸತಾರೆ. ಕೋಶ ನಿಂತವು. ಮೂರು ವರ್ಷದ ಕೆಲಸವನ್ನೆಲ್ಲ ಆ ಅಳತೆಯ ಮೇಲೇ ಕಟ್ಟಿದಳು.

ಪ್ರಬಂಧ ಮುಗಿಯೋ ಹೊತ್ತಿಗೆ ಅವಳ ಮಾಸ್ತರರು, ಬಬಲೇಶ್ವರದವರು, ಅದೇ ಕೈನೇಸನ್ನು ತಡೆಯುವ ಬೇರೆ ಜಾತಿಯ ಔಷಧ ತರಿಸಿ ಹಾಕಿಸಿದರು. ಕೈನೇಸ್ ಸುಮ್ಮನಾಯಿತು. ಕೋಶ ಮಾತ್ರ ಬೆಳೆದೇ ಬೆಳೆದವು.

"ನೋಡವಾ," ಅಂದರು ಮಾಸ್ತರರು, "ನಿನ್ನ ಮೊದಲಿನ ಔಷಧ ಹೆಚ್ಚಾಗಿ, ಬ್ಯಾರೇ ಎಷ್ಟೋ ಕೈನೇಸಿನ ಬಾಯಿನೂ ಮುಚ್ಚೇತಿ. ಯಾವುದರಿಂದ ಕೋಶ ನಿಂತ್ವು ಅಂತ ಹೆಂಗ ಹೇಳ್ತಿ? ಇದೇನು ತ್ವಾಟಕ್ಕ ಹೊಡಿಯೋ ಎಣ್ಣಿ ಅಂತ ತಿಳಿದೀಯೇನು?"

"ಮೂರು ವರ್ಷ ನೀವೂ ನೋಡೀರಲ್ರಿ ಸರ್."

ಅವರು ಕನ್ನಡಕ ಒರೆಸುತ್ತ ನಿಂತರು.

ಹುಡುಗಿ ನನ್ನ ತೊಳೆಯೋ ಕಟ್ಟೆಯ ಹತ್ತಿರ ಬಂದು ಕುಂತಳು. "ಎಲ್ಲಾ ಹೋತು ಆಯಿ. ನನಗ ಕೊಟ್ಟ ವ್ಯಾಳ್ಯಾನೂ ಈ ತಿಂಗಳಿಗೆ ಮುಗೀತೈತಿ. ಮತ್ತ ಮೊದಲಿಂದ ಮಾಡಾಕ ಯಾರು ಬಿಡ್ತಾರ?"

ಯಾರೂ ಬಿಡೋದಿಲ್ಲ ಅಂತ ನನಗೂ ಗೊತ್ತಿತ್ತು. ಆಗತೈತಿ ಬಿಡು ಅಂತ ಸುಳ್ಳು ಹೇಳಲಿಲ್ಲ. ಚಹಾ ಕೊಟ್ಟೆ, ಮುಟ್ಟಲಿಲ್ಲ. "ಆ ತಟ್ಟಿ ಎಲ್ಲಾ ಚೆಲ್ಲಿಬಿಡು," ಅಂದು ಚೀಲ ತಗೊಂಡು ಹೋದಳು.

ಮರುದಿನ ಮುಂಜಾನೆ ಕೋಶ ಇಡುವ ಬೆಚ್ಚನೆ ಪೆಟ್ಟಿಗೆ ತೆಗೆದೆ. ಅವು ಇನ್ನೂ ಜೀವಂತ ಇದ್ದವು. ಒಂದೊಂದೇ ತಟ್ಟೆಗೆ ಬ್ಲೀಚಿಂಗ್ ನೀರು ಸುರಿದು, ಕೋಶ ಬೆಳೆಯೋ ಕೆಂಪು ನೀರಿನ ಬಣ್ಣ ಹೋಗೋತನಕ ಕಾದು, ಮೋರಿಗೆ ಚೆಲ್ಲಿದೆ.