ಎರ್ರೆಮ್ಮನ ಗಚ್ಚು

ಕೂಡ್ಲಿಗಿ ಸೀಮೆಯ ನಮ್ಮೂರಿನಲ್ಲಿ ಪಾಳೇಗಾರರ ಕಾಲದ ಊರಬಾಗಿಲು, ಅಗಸಿ, ಇವತ್ತಿಗೂ ನಿಂತಿದೆ. ಅದು ಎರ್ರೆಮ್ಮನ ಬೈಗುಳದ ಪುಣ್ಯ.

೧೯೯೮ರಲ್ಲಿ ಅಗಸಿಯ ಮಾಳಿಗೆ ಸೋರುತ್ತಿತ್ತು. ಕೊಟ್ಟೂರಿನ ಕಾಲೇಜಿಗೆ ಹೋಗುತ್ತಿದ್ದ ನಾವು ಹತ್ತು ಮಂದಿ ಹುಡುಗ ಹುಡುಗಿಯರು ಸಂಘ ಕಟ್ಟಿಕೊಂಡು ಮೇಲೆಲ್ಲ ಸಿಮೆಂಟು ಬಳಿದೆವು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಸಿಮೆಂಟು ಬಿಸಿಲಿಗೆ ಬಿರಿದು, ಇಳಿದ ಮಳೆನೀರು ಒಳಗೇ ಸಿಕ್ಕಿಕೊಂಡು, ಮೊದಲಿಗಿಂತ ಹೆಚ್ಚು ಸೋರಿತು. ಮುಂದಿನ ಮಳೆಗಾಲದಲ್ಲೂ ಹೀಗಾದರೆ ಕೆಡವಿಸುವುದೇ ಸೈ ಎಂದರು ಪಂಚಾಯಿತಿ ಅಧ್ಯಕ್ಷ ಪಾಲಾಕ್ಷಪ್ಪನವರು.

ಆಗ ಬಂದವಳು ಎರ್ರೆಮ್ಮ. ಅರವತ್ತು ದಾಟಿದ ಕೂಲಿ ಹೆಂಗಸು, ಚಿಕ್ಕಂದಿನಿಂದ ಗಚ್ಚು, ಅಂದರೆ ಸುಣ್ಣದ ಗಾರೆ, ಅರೆದು ಬಡಿದು ಬಂದವಳು. ಸಿಮೆಂಟು ಬಂದ ಮೇಲೆ ಅವಳನ್ನು ಯಾರೂ ಕರೆದಿರಲಿಲ್ಲ. ನಾವೂ ಕರೆದಿರಲಿಲ್ಲ. ಮಾಳಿಗೆ ಹತ್ತಿ ನೋಡಿದವಳು ನಮ್ಮ ಓದಿಗೂ ಬುದ್ಧಿಗೂ ಸಂಬಂಧವೇ ಇಲ್ಲವೆಂದು ಬೈದಳು.

"ಸಿಮೀಟು ನೀರ ಹಿಡಕಂತೈತಿ, ಗಚ್ಚು ಬಿಡತೈತಿ. ಮೊದ್ಲು ನೀವು ಬಳ್ದಿದ್ದನ್ನ ನೀವ ಕೀಳ್ರಿ."

ಬೇಸಿಗೆ ರಜೆಯಲ್ಲಿ ಕಿತ್ತೆವು. ಅಂಗೈಗೆಲ್ಲ ಬೊಬ್ಬೆ. ನೆನೆಹಾಕಿದ ಸುಣ್ಣಕ್ಕೆ ಮರಳು ಬೆರೆಸಿ, ಬೆಲ್ಲ ಮತ್ತು ಅಳಲೆಕಾಯಿಯ ನೀರು ಹಾಕಿ ಅರೆದೆವು. ಅದನ್ನು ಮಾಳಿಗೆಗೆ ಹರಡಿ, ಸಾಲಾಗಿ ಕೂತು, ಹಾಡುತ್ತಾ ಮರದ ಹಲಗೆಯಿಂದ ಬಡಿಯಬೇಕು. ಹಾಡು ನಿಂತರೆ ಬಡಿತ ತಪ್ಪುತ್ತದೆ, ಬಡಿತ ತಪ್ಪಿದಲ್ಲಿ ಗಚ್ಚು ಬಿರಿಯುತ್ತದೆ. ನಾವು ನಾಚಿಕೊಂಡು ಸಿನಿಮಾ ಹಾಡು ಶುರುಮಾಡಿದೆವು. ಅಷ್ಟು ಅವಸರದ ಹಾಡಿಗೆ ರೊಟ್ಟಿಯನ್ನೂ ಬಡಿಯಲಾಗದೆಂದು ಗದರಿ, ಎರ್ರೆಮ್ಮ ತನ್ನ ಬಡಿತದ ಪದವನ್ನೇ ಕಲಿಸಿದಳು. ಹದಿನೆಂಟು ದಿನ ಬಡಿದೆವು. ನಮ್ಮೊಳಗೆ ಶಾಂಭವಿಯ ಕೈ ಎಷ್ಟು ಪಳಗಿತೆಂದರೆ, ಎರ್ರೆಮ್ಮ ತನ್ನ ಸವೆದ ಹಲಗೆಯನ್ನು ಅವಳಿಗೇ ಕೊಟ್ಟುಬಿಟ್ಟಳು.

ಮೊದಲ ದೊಡ್ಡ ಮಳೆಗೆ ಅರ್ಧ ಊರೇ ಅಗಸಿಯೊಳಗೆ ಸೇರಿತು. ಒಳಗಿನ ಕಟ್ಟೆಯ ಮೇಲೆ ಊರಿನ ದೊಡ್ಡವರು. ಎರ್ರೆಮ್ಮನ ಮನೆತನದವರು ಅಲ್ಲಿ ಎಂದೂ ಕೂತವರಲ್ಲ. ಅವಳು ಬಾಗಿಲ ಬಳಿ ನಿಂತು, ಕತ್ತೆತ್ತಿ ಮಾಳಿಗೆಯನ್ನೇ ನೋಡುತ್ತಿದ್ದಳು. ನಾವೂ ಅವಳ ಹಿಂದೆ ನಿಂತು ಮೇಲೆ ನೋಡುತ್ತಿದ್ದೆವು. ಒಂದು ತಾಸು ಸುರಿಯಿತು. ಒಳಗೆ ಒಂದು ಹನಿ ಬೀಳಲಿಲ್ಲ.

ಪಾಲಾಕ್ಷಪ್ಪನವರು ಒಣ ಕಟ್ಟೆಯನ್ನು ಅಂಗೈಯಿಂದ ಸವರಿ ನೋಡಿ, ಪಕ್ಕಕ್ಕೆ ಸರಿದರು.

"ಬಾ ಎರ್ರವ್ವ, ಇಲ್ಲಿ ಕುಂದ್ರು."

"ಒಬ್ಬಾಕಿ ಹೆಂಗ ಕುಂದ್ರಲ್ರಿ? ಬಡ್ದೋರು ಹನ್ನೊಂದು ಮಂದಿ ಅದೀವಿ."

ದೊಡ್ಡವರು ಒಬ್ಬೊಬ್ಬರಾಗಿ ಕಟ್ಟೆ ಇಳಿದರು. ನಾವು ಹತ್ತೂ ಮಂದಿ ಅವಳ ಎಡಬಲಕ್ಕೆ ಕೂತೆವು. ಪದವಿ ಕೈಗೆ ಬಂದ ದಿನವೂ ನನಗೆ ಅಷ್ಟು ಹೆಮ್ಮೆಯಾಗಲಿಲ್ಲ. ಮಳೆ ನಿಂತ ಮೇಲೂ ಯಾರೂ ಏಳಲಿಲ್ಲ.