ಕಮಲಾಪುರದ ಹತ್ತೊಂಬತ್ತು ಕಟ್ಟುಗಳು

ಈ ಕೆಲಸಕ್ಕಾಗಿ ನಾನು ಕಮಲಾಪುರಕ್ಕೆ ಮೊದಲು ಹೋದದ್ದು ಬುಧವಾರ ಎಂದು ಕರಡಿನಲ್ಲಿ ಬರೆದಿದ್ದೆ. ದಿನಚರಿ ತೆಗೆದು ನೋಡಿದಾಗ ಅದು ಗುರುವಾರವೆಂದು ತಿಳಿಯಿತು. ಬುಧವಾರ ನಾನು ಕಣ್ಣಿನ ವೈದ್ಯರ ಬಳಿ ಕುಳಿತಿದ್ದೆ. ಶಾಸನಗಳ ಕಾಲನಿರ್ಣಯದಲ್ಲಿಯೇ ನೌಕರಿ ಮುಗಿಸಿದವನಿಗೆ ಈ ಬಗೆಯ ತಿದ್ದುಪಡಿ ಊಟದ ನಂತರ ಕೈ ತೊಳೆದಷ್ಟು ಸಹಜ. ಆದರೆ ಇದೇ ಅಭ್ಯಾಸದಿಂದ ಒಬ್ಬ ಹೆಣ್ಣುಮಗಳ ನಾಲ್ಕು ದಿನಗಳ ಶ್ರಮವನ್ನು ಒಂದು ಬೆಳಿಗ್ಗೆ ಕಣ್ಮರೆ ಮಾಡಿದೆನೆಂಬುದನ್ನೂ ಇಲ್ಲಿ ದಾಖಲಿಸಬೇಕು.

ಕಲಬುರಗಿಯಲ್ಲಿ ನಮ್ಮ ಮನೆ ಇರುವುದು ಶರಣಬಸವೇಶ್ವರ ದೇವಸ್ಥಾನದ ಹಿಂದಿನ ಓಣಿಯಲ್ಲಿ. ನನ್ನ ಸೊಸೆ ಅಲ್ಲಿಂದ ನಡೆದು ಹೋಗುವಷ್ಟು ದೂರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ನನ್ನ ನಿವೃತ್ತಿಯ ನಂತರ ನಾವಿಬ್ಬರೂ ಕೂಡಿ ಒಂದು ವೆಬ್‌ಸೈಟ್ ಕಟ್ಟಿದೆವು. ನಮ್ಮ ಭಾಗದ ಜನರ ಮನೆಗಳಲ್ಲಿ ಪೆಟ್ಟಿಗೆ, ಕಪಾಟುಗಳೊಳಗೆ ಉಳಿದ ಹಳೆಯ ಫೋಟೋಗಳನ್ನು ಅವರೇ ಅಲ್ಲಿ ಹಾಕಬೇಕು, ಎಲ್ಲರೂ ನೋಡಬೇಕು ಎಂಬುದು ಉದ್ದೇಶ. ಪ್ರತಿ ಫೋಟೋದ ಜೊತೆ ತುಂಬಲು ಏಳು ಖಾನೆಗಳಿದ್ದವು. ಮೊದಲನೆಯದು ತಾರೀಖಿನದು. ಅದನ್ನು ತುಂಬದೆ ಮುಂದೆ ಹೋಗಲು ಬಾರದಂತೆ ಮಾಡಿಸಿದವನು ನಾನೇ.

ಕಮಲಾಪುರದಿಂದ ಕರೆ ಮಾಡಿದವರು ಹೆಣ್ಣುಮಕ್ಕಳ ವಸತಿನಿಲಯವೊಂದರಲ್ಲಿ ಮೇಲ್ವಿಚಾರಕಿಯಾಗಿದ್ದು ನಿವೃತ್ತರಾದವರು. ಅವರ ಹುಡುಗಿಯರೆಲ್ಲ ಅವರನ್ನು ಅಕ್ಕಾ ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ. ಹತ್ತೊಂಬತ್ತು ವರ್ಷ ಅಲ್ಲಿದ್ದರು. ವರ್ಷ ವರ್ಷವೂ ತೆಗೆಸಿದ ಫೋಟೋಗಳು ಅವರ ಕಪಾಟಿನಲ್ಲಿದ್ದವು. ಮುಂದಿನ ವಾರ ಬಿಟ್ಟು ಅದರಾಚೆಯ ಭಾನುವಾರ ಹಳೆಯ ಹುಡುಗಿಯರೆಲ್ಲ ಕಮಲಾಪುರದಲ್ಲಿ ಕೂಡುವವರಿದ್ದರು. ಅಷ್ಟರೊಳಗೆ ಪ್ರತಿಯೊಬ್ಬಳಿಗೂ ಅವಳವಳ ಫೋನಿನಲ್ಲಿ ತನ್ನ ಮುಖ ಕಾಣಬೇಕೆಂದು ಅಕ್ಕ ಮಾತು ಕೊಟ್ಟುಬಿಟ್ಟಿದ್ದರು.

"ಫೋಟೋ ತಂದುಕೊಡ್ರಿ, ನಾವೇ ಹಾಕತೀವಿ," ಎಂದೆ.

"ಕೈಯಾಗ ಕೊಡಂಗಿಲ್ರಿ ಸರ್. ಒಮ್ಮೆ ಕೊಟ್ಟು ಕಳಕೊಂಡೀನಿ. ನಾನೇ ಹಾಕ್ತೀನಿ. ಹ್ಯಾಂಗಂತ ತೋರಸ್ರಿ."

ಹಿಂದೆ ಸ್ಟೇಶನ್ ಬಜಾರದ ಒಂದು ಅಂಗಡಿಗೆ ಪ್ರತಿ ತೆಗೆಸಲೆಂದು ಆಲ್ಬಮ್ಮೊಂದನ್ನು ಕೊಟ್ಟಿದ್ದರಂತೆ. ಮೂರನೆಯ ಸಲ ಕೇಳಲು ಹೋದಾಗ ಅಂಗಡಿಯೇ ಇರಲಿಲ್ಲ. ಆದ್ದರಿಂದ ಅವರ ನಿಲುವಿನಲ್ಲಿ ನನಗೆ ಹಟ ಕಾಣಲಿಲ್ಲ, ಕಾರಣ ಕಂಡಿತು.

ಆ ಗುರುವಾರ ನಾನು ಹೋಗಿ ಅವರ ಪಕ್ಕದಲ್ಲಿ ಕುಳಿತೆ. ಕಿಟಕಿಯ ಬೆಳಕಿನಲ್ಲಿ ಚಾಪೆಯ ಮೇಲೆ ಫೋಟೋ ಹರಡಿ, ತಮ್ಮ ಫೋನಿನಲ್ಲಿ ಒಂದೊಂದನ್ನೂ ನೆರಳು ಬೀಳದಂತೆ ತೆಗೆದುಕೊಂಡಿದ್ದರು. ಅಷ್ಟು ಅಚ್ಚುಕಟ್ಟು. ಆದರೆ ನಮ್ಮ ಪುಟದಲ್ಲಿ ಒಂದು ಸಲಕ್ಕೆ ಒಂದೇ ಫೋಟೋ, ಅದಕ್ಕೆ ಏಳು ಖಾನೆ. ಮಾದರಿಗೆಂದು ನನ್ನವೇ ಎರಡು ಫೋಟೋ ಹಾಕಿ ತೋರಿಸುವಷ್ಟರಲ್ಲಿ ಒಲೆಯ ಮೇಲಿಟ್ಟ ಚಹಾ ಉಕ್ಕಿ ಹರಿಯಿತು.

"ಹಿಂಗಾದ್ರ ಸರ್, ನನ್ನ ಹುಡುಗ್ಯಾರು ಮುದುಕ್ಯಾರಾದ ಮ್ಯಾಲೆ ಫೋಟೋ ನೋಡ್ತಾರ," ಎಂದರು ಅಕ್ಕ, ಒಲೆ ಒರೆಸುತ್ತ.

ಅಂದು ಸಂಜೆ ಸೊಸೆಗೆ ವರದಿ ಒಪ್ಪಿಸಿದೆ. ಒಂದೇ ಸಲಕ್ಕೆ ಎಷ್ಟು ಬೇಕಾದರೂ ಫೋಟೋ ಆಯ್ದು ಕಳಿಸುವಂತೆ, ವಿವರವನ್ನು ಎಲ್ಲಕ್ಕೂ ಸೇರಿ ಒಮ್ಮೆ ಬರೆದರೆ ಸಾಕಾಗುವಂತೆ ಅವಳು ಎರಡು ದಿನದಲ್ಲಿ ಹೊಸ ಪುಟ ಮಾಡಿದಳು. ಮಾಡುತ್ತ ಕೇಳಿದಳು:

"ಮಾಮಾ, ತಾರೀಖಿನ ಖಾನೆ ಖಾಲಿ ಬಿಟ್ರೂ ನಡೀಲಿ ಅಂತ ಮಾಡ್ಲಾ?"

"ಬ್ಯಾಡವ್ವ. ತಾರೀಖಿಲ್ಲದ ಫೋಟೋ ಅಂದ್ರ ವಿಳಾಸ ಇಲ್ಲದ ಪತ್ರ."

"ಗೊತ್ತಿಲ್ಲದವರು ಸುಳ್ಳು ವಿಳಾಸ ಬರೀತಾರ, ನೋಡ್ರಿ."

ನಾನು ಒಪ್ಪಲಿಲ್ಲ. ಖಾನೆ ಉಳಿಯಿತು.

ಹೊಸ ಪುಟವನ್ನು ಫೋನಿನಲ್ಲಿಯೇ ಅಕ್ಕನಿಗೆ ವಿವರಿಸಿದೆವು. ನಾಲ್ಕು ದಿನ ಅವರಿಂದ ಸದ್ದಿಲ್ಲ. ಐದನೆಯ ಬೆಳಿಗ್ಗೆ ವೆಬ್‌ಸೈಟ್ ತೆರೆದರೆ ಫೋಟೋಗಳ ರಾಶಿ. ಸಾಲು ಸಾಲಾಗಿ ನಿಂತ ಹುಡುಗಿಯರು. ಎಡದಿಂದ ಬಲಕ್ಕೆ ಪ್ರತಿಯೊಬ್ಬಳ ಹೆಸರು, ಊರು. ನನ್ನ ಸಂತೋಷ ತಾರೀಖಿನ ಖಾನೆಯವರೆಗೆ ಮಾತ್ರ ಉಳಿಯಿತು. ಎಲ್ಲ ಫೋಟೋಗಳ ಎದುರಿಗೂ ಜೂನ್ ಒಂದು ಎಂದಿತ್ತು, ವರ್ಷವೂ ಇದೇ. ಎರಡು ಜಡೆ, ರಿಬ್ಬನ್ನುಗಳ ಆ ಹುಡುಗಿಯರೆಲ್ಲ ಈ ವರ್ಷದ ಒಂದೇ ದಿನ ಕ್ಯಾಮೆರಾದ ಮುಂದೆ ಬಂದು ನಿಂತಂತೆ ದಾಖಲಾಗಿತ್ತು.

ತಪ್ಪು ತಾರೀಖು ಸಾರ್ವಜನಿಕರ ಕಣ್ಣಿಗೆ ಬೀಳಬಾರದು. ಎರಡನೆಯ ಯೋಚನೆಯಿಲ್ಲದೆ ಅಷ್ಟನ್ನೂ ಮರೆಮಾಡುವ ಗುಂಡಿ ಒತ್ತಿದೆ. ತಿದ್ದಿದ ಮೇಲೆ ತೋರಿಸಿದರಾಯಿತು ಎಂದುಕೊಂಡೆ. ಅಕ್ಕನಿಗೆ ತಿಳಿಸಬೇಕೆಂಬುದು ಹೊಳೆಯಲಿಲ್ಲ.

ಮಧ್ಯಾಹ್ನ ಕರೆ ಬಂತು.

"ಸರ್, ಹೋದ್ವಲ್ರಿ." ದನಿ ತೀರ ಸಣ್ಣದಾಗಿತ್ತು.

"ಏನು ಹೋದ್ವು ಅಕ್ಕಾವ್ರ?"

"ನನ್ನ ಹುಡುಗ್ಯಾರು. ಒಬ್ಬಾಕಿನೂ ಇಲ್ಲ. ಎಲ್ಲಾರಿಗೂ ನೋಡ್ರಿ ಅಂತ ಹೇಳೀನಿ, ಮುಂಜಾನಿಂದ ಫೋನ್ ಮ್ಯಾಲ ಫೋನ್ ಬರ್ಲಾಕತ್ತಾವ. ಮತ್ತ ಅದೇ ಆತಲ್ರಿ, ಸ್ಟೇಶನ್ ಬಜಾರದ್ದು."

"ಎಲ್ಲೂ ಹೋಗಿಲ್ರಿ. ನಾನೇ ಮರಿಗೆ ಇಟ್ಟೀನಿ."

"ಬಚ್ಚಿಟ್ಟೀರಾ? ಯಾಕ್ರಿ? ಏನು ತಪ್ಪು ಮಾಡ್ಯಾವ ಅವು?"

ತಾರೀಖು ತಿದ್ದಲು ನಾವೇ ಬರುತ್ತೇವೆಂದೆ. ಭಾನುವಾರಕ್ಕೆ ನಾಲ್ಕು ದಿನ ಉಳಿದಿತ್ತು. ಮರುದಿನ ಸೊಸೆ ರಜೆ ಹಾಕಿದಳು. ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟೆವು.

ಅಕ್ಕ ನಮ್ಮನ್ನು ಕೂರಿಸಿ, ಕೆಂಪು ಬಾಳೆಹಣ್ಣಿನ ತಟ್ಟೆ ಮುಂದಿಟ್ಟರು. ಮುಖದಲ್ಲಿ ಮಾತ್ರ ನಗೆಯಿಲ್ಲ. ಆದಷ್ಟು ಮೆತ್ತಗೆ ಕೇಳಿದೆ:

"ಎಲ್ಲಾದಕ್ಕೂ ಜೂನ್ ಒಂದು ಅಂತ ಯಾಕ ಹಾಕೀರಿ?"

"ಮತ್ತೇನು ಹಾಕ್ತಾರ್ರಿ, ಗೊತ್ತಿಲ್ಲಂದ್ರ?" ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಹುಡುಗ್ಯಾರನ್ನ ಸಾಲಿಗೆ ಹಚ್ಚಲಾಕ ಕರಕೊಂಡು ಹೋಗ್ತಿದ್ದೆ. ಹುಟ್ಟಿದ ತಾರೀಖು ಅಂದ್ರ ಅವ್ವ-ಅಪ್ಪ ಮಾರಿ ಮಾರಿ ನೋಡ್ತಿದ್ರು. ಹೆಡ್ಮಾಸ್ತರ ಜೂನ್ ಒಂದು ಬರೀತಿದ್ರು. ಖಾಲಿ ಬಿಟ್ರ ಅರ್ಜಿ ತಗೊಳಂಗಿಲ್ಲ. ನಿಮ್ಮ ಅರ್ಜಿನೂ ಹಂಗೇ ಅದ ಅಂತ ತಿಳ್ಕೊಂಡೆ." ಮತ್ತೆ ಅವರೇ ಕೇಳಿದರು: "ನಿಮ್ಮ ಹುಟ್ಟಿದ ತಾರೀಖು ಯಾವುದ್ರಿ ಸರ್?"

ಸೊಸೆ ಬಾಯಿಗೆ ಸೆರಗು ಹಿಡಿದಳು. ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿರುವ ಸಂಗತಿ.

"ಜೂನ್ ಒಂದು," ಎಂದೆ.

ಅಕ್ಕ ನಕ್ಕರು. ಮನೆಯ ಬಿಗುವು ಸಡಿಲಿತು. ಹೋಗಿ ಕಪಾಟು ತೆರೆದು ಫೋಟೋಗಳನ್ನು ತಂದರು. ಹತ್ತೊಂಬತ್ತು ಕಟ್ಟುಗಳು, ಒಂದೊಂದಕ್ಕೂ ಹುಡುಗಿಯರು ಬಿಟ್ಟುಹೋದ ರಿಬ್ಬನ್ ಬಿಗಿದಿತ್ತು. ಯಾವ ಕಟ್ಟಿನ ಮೇಲೂ ಇಸವಿಯಿಲ್ಲ. ಅವರು ಮಾತ್ರ ಒಂದೊಂದನ್ನೇ ಎತ್ತಿ ತಡವರಿಸದೆ ಹೇಳಿದರು: "ಇದು ಬೋರಿಗೆ ನೀರು ಬಿದ್ದ ವರ್ಷ. ಇದು ಅವಳಿ-ಜವಳಿ ಇದ್ದ ವರ್ಷ. ಇದು ಬೇವಿನ ಗಿಡ ಬಿದ್ದದ್ದು, ನೋಡ್ರಿ, ಹಿಂದ ಗಿಡ ಇಲ್ಲ. ಇದು ಎಲ್ಲಾರೂ ಪಾಸಾದ ವರ್ಷ."

ಕಟ್ಟುಗಳ ಕ್ರಮ ಒಮ್ಮೆಯೂ ತಪ್ಪಲಿಲ್ಲ. ನಾನು ಹಿಂದುಮುಂದಾಗಿ ಕೇಳಿ ಪರೀಕ್ಷಿಸಿದೆ. ಬೇವಿನ ಗಿಡವಿದ್ದ ಕಟ್ಟುಗಳೆಲ್ಲ ಮೊದಲು, ಇಲ್ಲದವೆಲ್ಲ ಆಮೇಲೆ. ಆಗ ನನಗೆ ನಾಚಿಕೆಯಾದದ್ದು ನಿಜ. ತಾರೀಖಿಲ್ಲದ ಶಾಸನವನ್ನು ನಾನು ಎಂದೂ ಹೊರಗೆ ಹಾಕಿದವನಲ್ಲ. ಅಕ್ಷರದ ತಿರುವು, ಕಲ್ಲಿನ ಜಾತಿ, ಅದರಲ್ಲಿ ಬರುವ ಊರಿನ ಹೆಸರು ನೋಡಿ ಕಾಲವನ್ನು ಹುಡುಕುವ ಹೊಣೆ ನನ್ನದಾಗಿತ್ತು, ಕೆತ್ತಿಸಿದವನದಲ್ಲ. ಈ ಹೆಣ್ಣುಮಗಳ ಮೇಲೆ ಮಾತ್ರ ಆ ಹೊಣೆಯನ್ನು ಹೊರಿಸಿ, ಹೊರಲಿಲ್ಲವೆಂದು ದಂಡ ಹಾಕಿದ್ದೆ.

"ಆ ಖಾನೆ ತಗದುಬಿಡವ್ವ," ಎಂದು ಸೊಸೆಗೆ ಹೇಳಿದೆ. "ತಾರೀಖು ನಾವು ಆಮ್ಯಾಲ ಹುಡುಕೋಣ."

ಅವಳು ಚಾಪೆಯ ಮೇಲೆಯೇ ಲ್ಯಾಪ್‌ಟಾಪ್ ತೆರೆದು ಕುಳಿತಳು. ಆದರೆ ಕೂಡಲೇ ಏನನ್ನೂ ಬದಲಿಸಲಿಲ್ಲ. "ಅಕ್ಕಾ, ನಾವು ಬಾಯಿ ಮುಚ್ಕೊಂಡು ಕೂಡ್ತೀವಿ. ನೀವು ಒಂದು ಕಟ್ಟು ಹಾಕಿ ತೋರಸ್ರಿ," ಎಂದಳು. ನೋಡುತ್ತ ಕುಳಿತ ಆ ಅರ್ಧ ಗಂಟೆಯಲ್ಲಿ ನಾವು ಕಲಿತದ್ದು ಬಹಳ. ಫೋಟೋವನ್ನು ಅಕ್ಕ ಬೆರಳಿನಿಂದ ಮುಟ್ಟಿ ಬಿಡುತ್ತಿದ್ದರು. ಆಗ ಒಂದೇ ಆಯ್ಕೆಯಾಗುತ್ತಿತ್ತು. ಒತ್ತಿ ಹಿಡಿದರೆ ಹಲವನ್ನು ಆಯ್ದುಕೊಳ್ಳಬಹುದೆಂದು ನಾವು ಹೇಳಿಯೇ ಇರಲಿಲ್ಲ. ನಾಲ್ಕು ದಿನ ಹಿಡಿದದ್ದು ಅದಕ್ಕೇ. ಕಳಿಸುವಾಗ ನಡುವೆ ಪರದೆ ಕಪ್ಪಾದರೆ ಕೆಲಸ ಕೆಟ್ಟಿತೆಂದು ಮೊದಲಿನಿಂದ ಕಳಿಸುತ್ತಿದ್ದರು. ಕೆಲವು ಹುಡುಗಿಯರು ಎರಡೆರಡು ಸಲ ಬಂದದ್ದು ಹಾಗೆ.

ಸಂಜೆಯ ಹೊತ್ತಿಗೆ ಪುಟ ಬೇರೆಯಾಗಿತ್ತು. ಮೇಲೆ ದೊಡ್ಡ ಗುಂಡಿ: ಒಂದು ಕಟ್ಟು ಹಾಕಿ. ಅದನ್ನು ಒತ್ತಿದರೆ ಫೋಟೋಗಳ ಪಕ್ಕದಲ್ಲಿ ಖಾಲಿ ಚೌಕಗಳು. ಬೇಕಾದವಕ್ಕೆ ಗುರುತು ಹಾಕಿದರಾಯಿತು, ಒತ್ತಿ ಹಿಡಿಯುವ ವಿದ್ಯೆ ಬೇಕಿಲ್ಲ. ನಂತರ ಒಂದೇ ಪ್ರಶ್ನೆ: ಈ ಕಟ್ಟಿಗೆ ನೀವು ಏನಂತೀರಿ? ಕೆಳಗೆ, ಎಷ್ಟು ಹೋದವು, ಎಷ್ಟು ಉಳಿದವು ಎಂಬುದು ದಪ್ಪ ಅಕ್ಷರದಲ್ಲಿ. ನಡುವೆ ನಿಂತರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಒಮ್ಮೆ ಹೋದದ್ದು ಮತ್ತೆ ಹೋಗುವುದಿಲ್ಲ.

"ಈಗ ಇದು ಮಂದಿ ಕೈಗೆ ಬಂತು ನೋಡ್ರಿ," ಎಂದರು ಅಕ್ಕ.

ಮರೆಯಾಗಿದ್ದ ಫೋಟೋಗಳನ್ನು, ಆ ಸುಳ್ಳು ತಾರೀಖು ಅಳಿಸಿ, ನಾನು ಅವರ ಎದುರಿಗೇ ತೋರಿಸುವ ಗುಂಡಿ ಒತ್ತಿ ಹೊರಗೆ ತಂದೆ. ಅವರು ತಮ್ಮ ಫೋನಿನಲ್ಲಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ನಾವು ಬಸ್ಸಿಗೆ ನಡೆದೆವು. ಉಳಿದ ಕಟ್ಟುಗಳನ್ನು ಹಾಕಿ, ಎಲ್ಲಕ್ಕೂ ತಾವು ಕರೆಯುವ ಹೆಸರನ್ನೇ ಕೊಟ್ಟು ಶನಿವಾರ ಮಧ್ಯಾಹ್ನಕ್ಕೆ ಮುಗಿಸಿದರು. ನನ್ನನ್ನು ಒಮ್ಮೆಯೂ ಕೇಳಲಿಲ್ಲ.

ಭಾನುವಾರ ನಾನೂ ಹೋಗಿದ್ದೆ. ಕುರ್ಚಿಗಳು ಖಾಲಿ ಬಿದ್ದಿದ್ದವು. ನಾಲ್ಕೈದು ಜನ ಒಂದೊಂದು ಫೋನಿನ ಸುತ್ತ ನಿಂತಿದ್ದರು.

"ಅಯ್ಯ, ಇಕಿ ತಲಿ ನೋಡ್ರೇ! ಎಣ್ಣಿ ಹಚ್ಚಿ ಹಚ್ಚಿ ಹ್ಯಾಂಗ ಮಿಂಚಲಾಕತ್ತದ!"

"ನೀ ಏನು ಕಡಿಮಿ? ಹಿಂದಿನ ಸಾಲಿನ್ಯಾಗ ಕಣ್ಣು ಮುಚ್ಚಿ ನಿದ್ದಿ ಹೊಡೀಲಾಕತ್ತೀದಿ."

"ಅದು ಬಿಸಲಲೇ! ಅಕ್ಕಾ, ಹೇಳ್ರಿ ಇಕಿಗೆ, ಅವತ್ತ ಬಿಸಲಿತ್ತಂತ."

"ಬಿಸಲಿತ್ತು. ನಿದ್ದಿನೂ ಇತ್ತು," ಎಂದರು ಅಕ್ಕ.

ನಾನು ಮೂಲೆಯಲ್ಲಿ ನನ್ನ ಪುಸ್ತಕ ತೆರೆದು ಕುಳಿತೆ. ಯಾರು ಯಾವಾಗ ಹತ್ತನೆಯ ತರಗತಿ ಮುಗಿಸಿದರೆಂದು ಕೇಳಿ, ಒಬ್ಬರ ಮಾತನ್ನು ಇನ್ನೊಬ್ಬರ ಫೋನಿನಲ್ಲಿದ್ದ ಅಂಕಪಟ್ಟಿಯೊಡನೆ ಹೋಲಿಸಿ ಹನ್ನೊಂದು ಕಟ್ಟುಗಳ ವರ್ಷವನ್ನು ಗೊತ್ತುಮಾಡಿದೆ. ಉಳಿದ ಎಂಟನ್ನು ಕ್ರಮದಿಂದ ಎಣಿಸಬಹುದು, ಆದರೆ ಸಾಕ್ಷಿ ಸಿಗುವವರೆಗೆ ಬಾಕಿ ಇಟ್ಟಿದ್ದೇನೆ. ಅವುಗಳ ಕೆಳಗೆ ಅಕ್ಕನ ಹೆಸರುಗಳಷ್ಟೇ ಇವೆ. ನೋಡುವವರಿಗೆ ಯಾವ ಕೊರತೆಯೂ ಆದಂತಿಲ್ಲ.

ಸೋಮವಾರ ಬೆಳಿಗ್ಗೆ ವೆಬ್‌ಸೈಟಿನಲ್ಲಿ ನಾವು ನಿರೀಕ್ಷಿಸದ ಮೂರು ಹೊಸ ಕಟ್ಟುಗಳಿದ್ದವು. ಒಂದು ಕಪನೂರಿನ ಕಾರ್ಖಾನೆಯಲ್ಲಿ ದುಡಿಯುವ ಹಳೆಯ ಹುಡುಗಿಯದು. 'ನಮ್ಮ ಮಶೀನಿನ ಮುಂದ ನಾವು' ಎಂದು ಹೆಸರಿಟ್ಟಿದ್ದಳು. ಇವರಿಗೆ ನಾನಾಗಲಿ ಸೊಸೆಯಾಗಲಿ ಏನೂ ಹೇಳಿಕೊಟ್ಟಿರಲಿಲ್ಲ. ಕೇಳೋಣವೆಂದು ಅಕ್ಕನಿಗೆ ಕರೆ ಮಾಡಿದೆ.

"ಸ್ವಲ್ಪ ತಡೀರಿ ಸರ್, ಆಮ್ಯಾಲ ನಾನೇ ಮಾಡ್ತೀನಿ," ಎಂದರು. "ಇನ್ನೊಂದು ಫೋನಿನ್ಯಾಗ ಒಬ್ಬಾಕಿಗೆ ಚೌಕ ತೋರಸ್ಲಾಕತ್ತೀನಿ."